ನಕ್ಷತ್ರ ಚಿಹ್ನೆ

ನಲವತ್ತೊಂದು ಮತ ಬಿದ್ದವು ನನಗೆ.
ಎದುರು ನಿಂತವರು ಯಾರೂ ಇರಲಿಲ್ಲ.
ಹೀಗೆ ಡ್ರೈ ಫೋರ್ಕಿನ ಲಾಂಡ್ರಿಯವಳು, ಆರ್ಡಿತ್ ಕ್ವಾಮೆ,
ಶಾಲಾ ಮಂಡಳಿಯ ಐದನೆಯ ಕುರ್ಚಿಯಲ್ಲಿ ಕೂತೆ.
ಕುರ್ಚಿಯ ಒಂದು ಕಾಲು ಗಿಡ್ಡ.

ಅಧ್ಯಕ್ಷ ಲೈಲ್ ಬ್ರುಕ್ನರ್
ಚೀಟಿಯಲ್ಲಿ ವಿಳಾಸ ಗೀಚಿಕೊಟ್ಟ:
"ಎಲ್ಲಾ ಇಂಟರ್ನೆಟ್ಟಿನಲ್ಲಿದೆ, ಓದಿಕೋ.
ನಾನು ಓದಿಲ್ಲ."

ರಾತ್ರಿ ಒಂಬತ್ತಕ್ಕೆ ಬಾಗಿಲೆಳೆದು
ಕೊನೆಯ ಡ್ರೈಯರ್ ತಣ್ಣಗಾಗುವ ತನಕ
ಅದರ ಬೆಚ್ಚನೆ ಬೆನ್ನಿಗೆ ಬೆನ್ನಿಟ್ಟು ಓದಿದೆ,
ಯಾರೋ ಮರೆತ ಟವೆಲಿನ ಮೇಲೆ ಲ್ಯಾಪ್‌ಟಾಪ್,
ಕೈಪಿಡಿ, ನೂರಾ ಹನ್ನೆರಡು ಪುಟ.
ಪುಟ ಒಂಬತ್ತು: ಸಭೆಯಲ್ಲಿ ಕೂತಾಗ ಮಾತ್ರ ನೀನು ಮಂಡಳಿ;
ಎದ್ದು ಕೋಟು ತೊಟ್ಟರೆ ಊರಿನ ಒಬ್ಬ ಹೆಂಗಸು.
ಸದ್ಯ, ಅಂದುಕೊಂಡೆ.

ಪುಟ ಮೂವತ್ತು: ಐವರಲ್ಲಿ ಮೂವರು ಒಂದೆಡೆ ಸೇರಿ
ಶಾಲೆಯ ಸುದ್ದಿ ಎತ್ತಿದರೆ ಅದೇ ಸಭೆ,
ಮೊದಲೇ ಊರಿಗೆ ಸಾರಬೇಕು, ಬಾಗಿಲು ತೆರೆದಿರಬೇಕು.
ಮರುದಿನ ವಾಂಡಾ ಬಂದಳು, ಒಂದು ಹೊರೆ ಜೀನ್ಸ್ ಹೊತ್ತು.
ಬಸ್ಸಿನ ಡೀಸೆಲ್ ಲೆಕ್ಕ ಮಾತಾಡುತ್ತಿದ್ದೆವು,
ಅಷ್ಟರಲ್ಲಿ ಓರಿನ್ ಹೌಗನ್, ಒದ್ದೆ ಕಂಬಳಿ ಎಳೆದುಕೊಂಡು.
ತಟ್ಟನೆ ಮಾತು ಮಂಜಿನ ಬಗ್ಗೆ, ಸೋಪಿನ ಪುಡಿಯ ಬಗ್ಗೆ,
ಮತ್ತೆ ಸೋಪಿನ ಪುಡಿಯ ಬಗ್ಗೆ.
"ಏನು, ಯಾರಾದರೂ ಸತ್ತರೇ?" ಅಂದ ಓರಿನ್.
ಅವನೂ ಓದಿಲ್ಲ.

ವಿಡಿಯೊಗಳೂ ಇವೆ. ಟೈ ಕಟ್ಟಿದ ಮನುಷ್ಯ
ಹಾಸಿಗೆ ಇದ್ದಷ್ಟೇ ಕಾಲು ಚಾಚಿ ಎಂಬುದನ್ನು
ಹದಿನಾಲ್ಕು ಚಿತ್ರ ತೋರಿಸಿ ಹೇಳುತ್ತಾನೆ.
ನಗಬೇಡಿ, ನಾನು ಬರೆದುಕೊಂಡೆ:
ಬಸ್ಸಿನ ನಿಧಿ ಯಾವುದು, ಸಂಬಳದ್ದು ಯಾವುದು,
ಒಂದರದ್ದನ್ನು ಇನ್ನೊಂದಕ್ಕೆ ಯಾಕೆ ಸುರಿಯಲಾಗದು.
ಇಪ್ಪತ್ತು ವರ್ಷ ನಾಣ್ಯದ ಡಬ್ಬಿ ಸುರಿದು ಎಣಿಸಿದವಳಿಗೆ
ಹೊಸದೇನಲ್ಲ. ಆದರೂ ಹೊಸದು.

ಏಪ್ರಿಲ್ ಸಭೆಯ ಆರನೆಯ ವಿಷಯ:
ಕಾಟನ್‌ವುಡ್ ಶಾಲೆ, ಮುಚ್ಚುವುದೋ ಬಿಡುವುದೋ.
ಇಪ್ಪತ್ತೆಂಟು ಮೈಲಿ ಆಚೆ, ಒಂದೇ ಕೋಣೆ, ಒಬ್ಬಳೇ ಟೀಚರ್.
ರಾಜ್ಯದ ಅಂಕಿಅಂಶದ ತಾಣ ತೆರೆದೆ.
ಪಟ್ಟಣದ ಶಾಲೆಗೆ ಬಣ್ಣಬಣ್ಣದ ಕಂಬಗಳೆದ್ದವು:
ಓದು ಇಷ್ಟು, ಗಣಿತ ಇಷ್ಟು, ಗೈರು ಇಷ್ಟು.
ಕಾಟನ್‌ವುಡ್ಡಿನ ಸಾಲಿನಲ್ಲಿ
ಓದು: ನಕ್ಷತ್ರ. ಗಣಿತ: ನಕ್ಷತ್ರ. ಗೈರು: ನಕ್ಷತ್ರ.
ಆಕಾಶದ್ದಲ್ಲ. ಕೀಲಿಮಣೆಯಲ್ಲಿ ಎಂಟರ ನೆತ್ತಿಯ ಮೇಲೆ
ಕೂತಿರುತ್ತದಲ್ಲ, ಅದು.

ಬುಡದಲ್ಲಿ ಇರುವೆಯಂಥ ಅಕ್ಷರ:
ಮಕ್ಕಳು ಹತ್ತಕ್ಕಿಂತ ಕಡಿಮೆಯಿದ್ದಲ್ಲಿ ಅಂಕಿ ಕಾಣಿಸುವುದಿಲ್ಲ,
ಯಾವ ಮಗು ಯಾವುದೆಂದು ಗುರುತು ಸಿಕ್ಕೀತೆಂದು.

ಸರಿಯಾದ ಮಾತೇ.
ಆದರೆ ನನಗೆ ಗುರುತಿದೆ.
ಅಲ್ಲಿನ ಬಾವಿನೀರು ತುಕ್ಕುಬಣ್ಣ,
ಬಟ್ಟೆಯೆಲ್ಲ ನನ್ನಲ್ಲಿಗೇ ಬರುತ್ತದೆ.
ಬ್ರಿಗ್ಸ್ ಮನೆಯ ಮೂವರ ಮೊಣಕಾಲಿನ ಹಸಿರು ಕಲೆ ಗೊತ್ತು.
ಅವಳಿ ಹುಡುಗರ ಜೇಬಿನ ಗೋಧಿಕಾಳು ಗೊತ್ತು,
ಒಂದು ಸಲ ಕಪ್ಪೆ, ಜೀವಂತ.
ಕಿರಿಯವನ ಅಂಗಿಯ ಕೊರಳೊಳಗೆ ಅಣ್ಣನ ಹೆಸರು,
ಅದಕ್ಕೆ ಅಡ್ಡಗೀಟು, ಕೆಳಗೆ ಅವನದು.
ಇನ್ನೊಬ್ಬಳ ಹಾಸಿಗೆಯ ಬಟ್ಟೆ
ಈ ಚಳಿಗಾಲದಿಂದ ವಾರಕ್ಕೆ ಮೂರು ಸಲ ಬರುತ್ತಿದೆ,
ಹೆಸರು ಹೇಳಲಾರೆ.
ಅವಳಿಗೆ ನಾನೂ ನಕ್ಷತ್ರವನ್ನೇ ಇಡುತ್ತೇನೆ.

ಸಭೆಯಲ್ಲಿ ಲೈಲ್ ಕೇಳಿದ: "ಅಂಕಿ ಏನನ್ನುತ್ತದೆ?"
"ಏನೂ ಅನ್ನುವುದಿಲ್ಲ" ಅಂದೆ.
ಗಂಟಲು ಒಣಗಿತ್ತು, ಕುರ್ಚಿ ಎಡಕ್ಕೆ ವಾಲಿತು.
"ಮುಂದಿನ ಸಭೆ ಅಲ್ಲೇ ಆಗಲಿ, ಕಾಟನ್‌ವುಡ್ಡಿನಲ್ಲಿ.
ಬಾಗಿಲು ತೆರೆದಿಟ್ಟು. ಪುಟ ಮೂವತ್ತು."
ವಾಂಡಾ ಕೈ ಎತ್ತಿದಳು. ಬಹಳ ಹೊತ್ತಿನ ಮೇಲೆ
ಓರಿನ್ ಕೂಡ, ಕೆನ್ನೆ ಕೆರೆಯುವವನ ಹಾಗೆ.

ಮುಚ್ಚುತ್ತೇವೋ ಏನೋ, ಗೊತ್ತಿಲ್ಲ.
ಹಣ ನಿಜಕ್ಕೂ ಇಲ್ಲ, ಆ ಲೆಕ್ಕವನ್ನೂ ನೋಡಿದ್ದೇನೆ.
ಟೀಚರ್ ಫೋನ್ ಮಾಡಿದ್ದಳು:
ಇಲ್ಲಿರುವುದೆಲ್ಲ ಪುಟಾಣಿ ಕುರ್ಚಿ, ನಿಮ್ಮದು ನೀವೇ ತನ್ನಿ.
ಲಾಂಡ್ರಿಯ ಐದು ಮಡಚುಕುರ್ಚಿ ಪಿಕಪ್ಪಿಗೆ ಹಾಕಿದ್ದೇನೆ.
ಕೇಳಲು ಬರುವವರಿಗೆ ಎಷ್ಟು ಬೇಕಾದಾವೆಂದು
ಕೈಪಿಡಿ ಪೂರ್ತಿ ಹುಡುಕಿದೆ,
ಯಾವ ಪುಟದಲ್ಲೂ ಇಲ್ಲ.