ತೋಳದ ಪಾಲು

ಕುತಾಯಿಸಿ. ರಿಯೋನಿ ಹೊಳೆಯ ದಂಡೆಯ ಸಂಗೀತ ಶಾಲೆ.
ಜನವರಿ. ಕರೆಂಟಿಲ್ಲ. ಸೀಮೆಎಣ್ಣೆ ಒಲೆಯ ಪಕ್ಕ
ಪಿಯಾನೋದ ಹೊಟ್ಟೆ ಬಿಚ್ಚಿ ಕೂತಿದ್ದೆವು
ನಾನೂ, ನನಗೆ ಕಸುಬು ಕಲಿಸಿದ ಎತೇರಿಯೂ.

ನನಗಾಗ ಹತ್ತೊಂಬತ್ತು. ಕಿವಿ ಚೊಕ್ಕ ಎಂಬ ಜಂಬ.
"ಪಂಚಮ ಅಂದಮೇಲೆ ಪಂಚಮವೇ," ಅಂದೆ,
"ಕೂದಲೆಳೆ ಇಳಿಸಿದರೂ ಅದು ಸುಳ್ಳು."
ಅವಳು ಶ್ರುತಿಯ ಕೀಲಿ ಕೈಗಿತ್ತು
ಚಹಾ ಕಾಸಲು ಎದ್ದಳು: "ಮಾಡು."

ತಂತಿಯಿಂದ ತಂತಿಗೆ ಹೋದೆ.
ಒಂದೊಂದು ಪಂಚಮವೂ ಆಗತಾನೆ ಒರೆಸಿದ ಗಾಜು.
ಹನ್ನೆರಡನೆಯದು ಹೊರಟಲ್ಲಿಗೇ ಬಂದು ಸೇರಬೇಕು,
ಸೇರಲಿಲ್ಲ.
ಎರಡು ಮನೆ ಒಟ್ಟಿಗೆ ಒತ್ತಿದೆ:
ಊಳಿಟ್ಟಿತು.

"ತೋಳ," ಅಂದಳು, ಲೋಟ ಕೆಳಗಿಡದೆ.
"ನಮ್ಮ ಕಸುಬಲ್ಲಿ ಅದಕ್ಕೆ ಅದೇ ಹೆಸರು.
ಹನ್ನೊಂದು ಬಾಗಿಲು ಭದ್ರ ಹಾಕಿದೆ,
ಹನ್ನೆರಡನೆಯದರಲ್ಲಿ ನುಗ್ಗಿತು.
ಕೊಲ್ಲೋಕಾಗಲ್ಲ ಹುಡುಗ. ಪಾಲು ಹಾಕು,
ಎಲ್ಲ ಮನೆಗೂ ಒಂದೊಂದು ಚೂರು,
ಯಾರಿಗೂ ಹಲ್ಲು ಕಾಣದಷ್ಟು."

ಇಳಿಸಿದೆ. ಕೈ ಆತುರಪಟ್ಟಿತು; ಬೆರಳ ಗೆಣ್ಣಿಗೆ ಏಟು.
"ಮೊದಲು ಶುದ್ಧಕ್ಕೆ ಹೋಗಿ ನಿಲ್ಲು.
ಅಲುಗಾಟ ಪೂರಾ ಅಡಗಲಿ. ಕೇಳು. ಆಮೇಲೆ ಇಳಿ.
ಹತ್ತದೆ ಇದ್ದವನು ಇಳಿಯೋದಿಲ್ಲ,
ಕೆಳಗೇ ಇರ್ತಾನೆ."

ಆ ಮಾತನ್ನು ಮುಲಾಮಿನಂತೆ
ಎಲ್ಲಕ್ಕೂ ಸವರಿಕೊಂಡು ತಿರುಗಿದೆ ಕೆಲವು ದಿನ:
ಯಾವುದೇ ಇರಲಿ, ಒಂದು ಕೂದಲೆಳೆ ಇಳಿಸು.
ಆ ವಸಂತದಲ್ಲಿ ಮುಖ್ಯೋಪಾಧ್ಯಾಯ ಎಲ್ಗುಜಾ ರಸೀದಿ ತಂದ:
ಶ್ರುತಿ ಮಾಡಿದ್ದು ಒಂಬತ್ತು, ಬರೆದದ್ದು ಹದಿನಾಲ್ಕು.
"ಹಂಚಿಕೊಳ್ಳೋಣ," ಅಂದ. ನಾನು ಅವಳ ಮುಖ ನೋಡಿದೆ.
ಹದಿನಾಲ್ಕು ಹೊಡೆದು
ಒಂಬತ್ತು ಬರೆದು ಸಹಿ ಹಾಕಿದಳು.
ಆ ಸಲ ದುಡ್ಡು ಬರಲಿಲ್ಲ. ಒಂದು ಚೀಲ ಅಕ್ರೋಟು ಬಂತು,
ಅರ್ಧ ಜೊಳ್ಳು.

ಎಲ್ಲಿ ಪಾಲು ಹಾಕಬೇಕು, ಎಲ್ಲಿ ಕೂಡದು ಅಂತ
ಅವಳು ಹೇಳಿಕೊಡಲಿಲ್ಲ. ನನಗೆ ಈಗಲೂ ತಪ್ಪುತ್ತದೆ.

ಅವಳ ಕೊನೆಯ ಶರತ್ಕಾಲ. ದ್ರಾಕ್ಷಿ ತುಳಿದವರ ಮನೆಯಲ್ಲಿ ಊಟ.
ಮೂವರು ಮುದುಕರು ಲೋಟ ಕೆಳಗಿಟ್ಟು ಹಾಡಿದರು.
ಪಿಯಾನೋ ಇಲ್ಲ, ಇನ್ನೊಂದು ಶ್ರುತಿಗೆ ಹಾಯುವ ಹಂಗಿಲ್ಲ,
ಮೂರು ಗಂಟಲು ಒಂದರೊಳಗೊಂದು ಕೂತವು.
ಗಾಜು. ಅದೇ ಗಾಜು.

ನಲವತ್ತು ವರ್ಷ ಕೂದಲೆಳೆ ಇಳಿಸಿದ ಅವಳ ಬಲಗೈ
ಮಡಿಲಲ್ಲಿತ್ತು.
ಅಲುಗಲಿಲ್ಲ.