ಸೋಸುಕಾಗದ

ನಿನ್ನೆ ಬೆಳಿಗ್ಗೆ ಎಂಟಕ್ಕೆ ಇಟ್ಟದ್ದು
ಅಂಗೈಯಗಲದ ಬಿಳಿ ಬಿಲ್ಲೆ.
ಇವತ್ತು ಎಂಟಕ್ಕೆ ಚಿಮಟದಲ್ಲಿ ಎತ್ತಿದರೆ
ಕಾವಲಿಯ ಬೆನ್ನು.
ಉರಂಗೂ ಅದನ್ನು ಡಬ್ಬಿಯಲ್ಲಿ ಮಲಗಿಸುತ್ತಾಳೆ,
ತಾರೀಖು ಬರೆಯಹೋದರೆ ಶಾಯಿ ಹೆಪ್ಪುಗಟ್ಟಿದೆ,
ಪೆನ್ನನ್ನು ಕಂಕುಳಲ್ಲಿ ಬೆಚ್ಚಗಾಗಿಸಿ ಮತ್ತೆ ಬರೆಯುತ್ತಾಳೆ.
ಉಲಾನ್‌ಬಾತರಿನಲ್ಲಿ ಮೈನಸ್ ಮೂವತ್ತೊಂದು.
ಮಾಳಿಗೆಯ ಮೇಲಿನ ಪಂಪು
ಇಡೀ ಊರಿನ ಪರವಾಗಿ ಉಸಿರೆಳೆಯುತ್ತಿದೆ,
ಅದೊಂದಕ್ಕೇ ಕೆಮ್ಮಿಲ್ಲ.

ಹೊಗೆಯನ್ನೂ ಮಂಜನ್ನೂ ಬೆಸೆದು
ಹೊಂಜು ಅಂತ ನಮ್ಮಲ್ಲಿ ಯಾರೋ ಕರೆದರು.
ಹೊನ್ನಿನ ನೆರೆಮನೆಯವಳ ಹೆಸರಿನ ಹಾಗೆ ಕೇಳಿಸುತ್ತದೆ.
ಇಲ್ಲಿಯವರು ಅಷ್ಟು ಮುದ್ದು ಮಾಡುವುದಿಲ್ಲ:
ಉತಾ. ಬರೀ ಹೊಗೆ.
ಉರಂಗೂಳ ಮಗ ತೆಮುಗೆ ಕಲಿತ ಐದನೆಯ ಮಾತು.

ಸುತ್ತ ಬೆಟ್ಟ, ನಡುವೆ ಬಟ್ಟಲು, ಬಟ್ಟಲಲ್ಲಿ ಊರು.
ರಾತ್ರಿ ನೆಲ ತಣಿದಾಗ
ತಣ್ಣನೆ ಗಾಳಿ ತಳದಲ್ಲಿ ಕೂರುತ್ತದೆ,
ಕೆಸರಿಗಿಳಿದ ಎಮ್ಮೆ, ಏಳಲೊಲ್ಲದು.
ಮೇಲೊಂದು ಬೆಚ್ಚನೆ ಗಾಳಿಯ ಮುಚ್ಚಳ.
ಏರಿ ಬಂದ ಹೊಗೆ ಮುಚ್ಚಳಕ್ಕೆ ತಲೆ ತಾಗಿಸಿಕೊಂಡು
ಅಡ್ಡಡ್ಡ ಹರಡಿ
ಹೊರಟ ಮನೆಯ ಬಾಗಿಲನ್ನೇ ಬಡಿಯುತ್ತದೆ.

ತರಬೇತಿಯಲ್ಲಿ ಮೇಷ್ಟ್ರು ಹೇಳಿದ್ದರು:
ಇದು ಕಲ್ಲಿದ್ದಲ ಜಾತಿ, ಗಂಧಕದ ನಾತ, ಚಳಿಗೆ ಹುಟ್ಟುವಂಥದ್ದು.
ಇನ್ನೊಂದುಂಟು, ಬಿಸಿಲಿಗೆ ಹುಟ್ಟುವಂಥದ್ದು,
ಮೆಕ್ಸಿಕೋ ಕಡೆ ಕಾರುಗಳು ಉಗುಳಿದ್ದನ್ನು
ಸೂರ್ಯ ಬೇಯಿಸಿ ಕಂದು ಸಾರು ಮಾಡುತ್ತಾನೆ.
ಉರಂಗೂ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡಳು:
ಅಲ್ಲಿ ಸೂರ್ಯ ಕೆಲಸಕ್ಕಾದರೂ ಬರುತ್ತಾನೆ.

ಬೆಂಕಿಯಿಲ್ಲದೆ ಹೊಗೆಯಾಡದು, ಸರಿ.
ಯಾರ ಬೆಂಕಿ?
ಬಿಲ್ಲೆಯನ್ನು ಪ್ರಯೋಗಾಲಯಕ್ಕೆ ಕೊಟ್ಟರೆ
ಅವರು ಕೂದಲು ಸೀಳಿ ಹೇಳುತ್ತಾರೆ:
ಇಷ್ಟು ವಿದ್ಯುತ್ ಸ್ಥಾವರದ ಕೊಳವೆಗಳದ್ದು,
ಇಷ್ಟು ಜಪಾನಿನಲ್ಲಿ ಸವೆದು ಇಲ್ಲಿಗೆ ಬಂದ ಕಾರುಗಳದ್ದು,
ಟೈರು ತಿಕ್ಕಿದ್ದು, ರಸ್ತೆ ಎದ್ದದ್ದು, ಬೂದಿಗುಡ್ಡೆ ಹಾರಿದ್ದು.
ಮಿಕ್ಕಿದ್ದು, ಮಿಕ್ಕಿದ್ದೇ ಬಹಳ,
ಗುಡ್ಡದ ಮೇಲಣ ಒಲೆಗಳದ್ದು.

ಆ ಗುಡ್ಡದಲ್ಲಿ, ಉಣ್ಣೆಗಂಬಳಿಯ ದುಂಡು ಮನೆಯಲ್ಲಿ,
ಉರಂಗೂಳ ತಾಯಿ ದೆಜಿದ್ ಚಹಾಕ್ಕೆ ಉಪ್ಪು ಹಾಕುತ್ತಾಳೆ.
ಹುಲ್ಲುಗಾವಲಿನಲ್ಲಿದ್ದಾಗಲೂ ಒಲೆ ಉರಿಸಿದವಳೇ,
ಒಣಸೆಗಣಿಯ ಒಲೆ.
ಅಲ್ಲಿ ಹೊಗೆಗೆ ಹೋಗಲು ಜಾಗವಿತ್ತು.
ಇಲ್ಲಿ ಮೂಟೆಯ ಮೇಲೆ ಮೂಟೆ ಕಲ್ಲಿದ್ದಲು,
ಪಕ್ಕದಲ್ಲಿ ಪಕ್ಕದವರ ಕೊಳವೆ, ಅದರ ಪಕ್ಕ ಇನ್ನೊಬ್ಬರದು.
ದಿನಾ ಬೆಳಿಗ್ಗೆ ಹೊರಗೆ ನಿಂತು
ಮರದ ಸೌಟಿನಲ್ಲಿ ಆಕಾಶಕ್ಕೆ ಹಾಲು ಚಿಮುಕಿಸುತ್ತಾಳೆ,
ಆಕಾಶ ಇರಬೇಕಾದ ದಿಕ್ಕಿಗೆ, ಅಂದಾಜಿನ ಮೇಲೆ.

ಒಂದು ಸಂಜೆ ಮಗಳು ಡಬ್ಬಿ ತೆರೆದು ತೋರಿಸಿದಳು.
ದೆಜಿದ್ ಕನ್ನಡಕ ಏರಿಸಿ
ಬಹಳ ಹೊತ್ತು ನೋಡಿದಳು,
ಶಾಲೆಯ ಗುಂಪು ಫೋಟೋದಲ್ಲಿ ತನ್ನ ಮಗುವನ್ನು ಹುಡುಕುವಂತೆ.
‘ಇದರಲ್ಲಿ ನಮ್ಮದು ಯಾವುದು?’
ಬೇರೆ ಮಾಡಲಾಗದು ಅಮ್ಮ, ಅಂದಳು ಉರಂಗೂ.
‘ತೂಕ?’
ಒಂದು ಸಾಸಿವೆಕಾಳಿನಷ್ಟೂ ಇಲ್ಲ.
‘ಮತ್ತೆ ಇಷ್ಟು ಕಪ್ಪು?’
ತೆಮುಗೆ ನಿದ್ದೆಯಲ್ಲಿ ಕೆಮ್ಮಿದ.
ಇಬ್ಬರೂ ಅವನತ್ತ ತಿರುಗಿದರು,
ಡಬ್ಬಿಯ ಮುಚ್ಚಳ ತೆರೆದೇ ಇತ್ತು.

ರಾತ್ರಿ ಮೂರಕ್ಕೆ ಒಲೆ ತಣ್ಣಗಾಯಿತು.
ಗಂಬಳಿಗೋಡೆಯ ಒಳಮೈಗೆ ಹಿಮದ ಹರಳು.
ಮಗುವಿನ ಮೂಗಿನ ತುದಿ ಮುಟ್ಟಿದಳು ಉರಂಗೂ,
ಎದ್ದಳು,
ಸದ್ದಾಗದಂತೆ ಮೂಟೆಯೊಳಗೆ ಕೈಹಾಕಿ
ಮೂರು ಉಂಡೆ ಎತ್ತಿಕೊಂಡಳು. ಒಂದನ್ನು
ವಾಪಸು ಇಟ್ಟಳು. ನಿಂತಳು.
ಅದನ್ನೂ ಹಾಕಿದಳು.

ಬೆಳಿಗ್ಗೆ ಎಂಟಕ್ಕೆ ಮಾಳಿಗೆ,
ಚಿಮಟ, ಬಿಳಿ ಬಿಲ್ಲೆ.