ಚಹಾ ಇಟ್ಟಿಗೆ

ಯಾಂಜ್ಮಾ ಮುದುಕಿಯ ಪೆಟ್ಟಿಗೆಯಲ್ಲಿ ಹಣವೆಂದರೆ
ಒಂದು ಚಹಾದ ಇಟ್ಟಿಗೆ.
ಕೈಯಿಂದ ಕೈಗೆ ದಾಟಿ ಅಂಚು ಸವೆದದ್ದು,
ಒಂಟೆಯ ಬೆವರು, ಕುರಿಕೊಬ್ಬು, ಯಾರದೋ ನಶ್ಯದ ವಾಸನೆ.
ಮೂಲೆ ಮುಕ್ಕಾದರೆ ಬೆಲೆಯೂ ಮುಕ್ಕು:
ವರ್ತಕ ಹೆಬ್ಬೆರಳಲ್ಲಿ ಸವರಿ ಹೇಳುತ್ತಿದ್ದ,
'ಇದಕ್ಕೆ ಗೇಣು ಬಟ್ಟೆ ಕಡಿಮೆ.'

ಗಂಡ ಸತ್ತ ವರ್ಷ ಸಾಲದ ಪಟ್ಟಿಯಲ್ಲಿ
ಬೂಟು, ರೇಷ್ಮೆಯ ತುಂಡು, ಮೂರು ಸೂಜಿ.
ಬಡ್ಡಿ ಕುದುರೆಗಿಂತ ಜೋರು ಓಡಿತ್ತು;
ಏಳು ಕುದುರೆ ಅದರ ಹಿಂದೆಯೇ ಹೋದವು.
ಇಟ್ಟಿಗೆ ಉಳಿಯಿತು, ಹೇಗೋ.

ಈಗ ಖೂರೆಯಿಂದ ಮೊಮ್ಮಗ ದಮ್ದಿನ್ ಬಂದಿದ್ದಾನೆ,
ಮೀಸೆಯ ಮೇಲೆ ಮಂಜು, ಅಂಗಿಯ ಮಡಿಕೆಯಲ್ಲಿ ತುಗ್ರಿಕ್.
ಹೊಸ ಕಾಗದ, ಹೊಸ ಸರ್ಕಾರ.
'ಅಜ್ಜಿ, ಇನ್ನು ಇದೇ ಹಣ.'

ಅವಳು ನೋಟನ್ನು ಮೂಸಿದಳು. ಬೆಳಕಿಗೆ ಹಿಡಿದಳು.
ನಾಲಿಗೆ ತುದಿಗೆ ತಾಗಿಸಿ
'ರುಚಿಯಿಲ್ಲ' ಎಂದಳು.

ಆಮೇಲೆ ಕೊಡಲಿಯ ಹಿಂಬದಿಯಿಂದ
ಇಟ್ಟಿಗೆಗೊಂದು ಏಟು.
ಒಂದು ಕುರಿಯ ಬೆಲೆ ಒರಳಲ್ಲಿ ಪುಡಿಯಾಗಿ
ಹಾಲು, ಉಪ್ಪಿನೊಡನೆ ಕುದಿಯಿತು.

ದಮ್ದಿನ್ ಗುಟುಕರಿಸಿ ಮುಖ ಕಿವುಚಿದ:
'ಮಣ್ಣು ವಾಸನೆ.'
'ನಲವತ್ತು ವರ್ಷದ್ದು, ಕುಡಿ.
ಇಷ್ಟು ದುಬಾರಿಯದನ್ನು ನಿಮ್ಮಪ್ಪನೂ ಕುಡಿದಿಲ್ಲ.'

ನೋಟು ಒಲೆಯ ಪಕ್ಕ, ಅವಳ ಬಟ್ಟಲಿನ ಕೆಳಗೆ,
ಗಾಳಿಗೆ ಹಾರದಂತೆ.